ಹೂವಿಗೂ ಹಂಗುಂಟು

ದಾನದ ವಿಷಯ ಬಂದಾಗಲೆಲ್ಲ ನಾವು ಹೂವನ್ನು ಸಾಕ್ಷಿಗೆ ಕರೆಯುತ್ತೇವೆ. ಹೂವು ಯಾರ ಅಪ್ಪಣೆಯನ್ನೂ ಕಾಯದೆ ಅರಳುತ್ತದೆ, ಪ್ರತಿಫಲವನ್ನು ಬಯಸದೆ ಕಂಪನ್ನು ಬೀರುತ್ತದೆ, ಬಂದ ದುಂಬಿಗೆ ಮಧುವನ್ನು ಉಣಿಸಿ ಸಂಜೆಗೆ ತಾನು ಬಾಡಿ ಬೀಳುತ್ತದೆ. ಮನುಷ್ಯನೂ ಹೀಗೆಯೇ ನಿರಪೇಕ್ಷನಾಗಿ ಬಾಳಬೇಕು. ಈ ಮಾತನ್ನು ತಾವು ಎಷ್ಟು ಉಪನ್ಯಾಸಗಳಲ್ಲಿ ಕೇಳಿದ್ದೀರೋ ನಾನರಿಯೆ. ನಾನಂತೂ ಮೂವತ್ತನಾಲ್ಕು ವರ್ಷ ಶಿಕ್ಷಕನಾಗಿದ್ದು, ಮುಂಜಾನೆಯ ಪ್ರಾರ್ಥನೆಯ ವೇಳೆಯಲ್ಲಿ ಮಕ್ಕಳ ಮುಂದೆ ಇದನ್ನು ಅದೆಷ್ಟೋ ಸಲ ಹೇಳಿದವನು. ಮಾತು ಕಿವಿಗೆ ಇಂಪಾಗಿದೆ. ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಅದು ನಿಜವಲ್ಲವೆಂಬುದು ನನಗೆ ಮನದಟ್ಟಾದದ್ದು ನಿವೃತ್ತನಾದ ಮೇಲೆ, ಅದೂ ಮನೆಯ ಹಿತ್ತಲಿನಲ್ಲಿ ಒಂದು ಕುಂಬಳದ ಬಳ್ಳಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಾಗ. ಆ ಬಳ್ಳಿಯ ಸಂಗತಿಯನ್ನು ಆಮೇಲೆ ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲು ಹೂವಿನ ನಿಜವನ್ನು ನೋಡೋಣ.

ತಮ್ಮ ಅಂಗಳದ ತುಳಸಿಯ ಗಿಡದ ಮುಂದೆ, ಬಿಸಿಲು ಸ್ವಲ್ಪ ಏರಿದ ಮೇಲೆ, ಒಂದು ಕಾಲು ಗಂಟೆ ಸುಮ್ಮನೆ ನಿಂತು ನೋಡಿರಿ. ತೆನೆಯಲ್ಲಿ ಹೂಗಳು ಸುತ್ತು ಸುತ್ತಾಗಿ ಕುಳಿತಿರುತ್ತವೆ. ಕೆಳಗಿನ ಸುತ್ತು ಮೊದಲು ಅರಳಿ ಮೇಲಿನದು ಅನಂತರ ಅರಳುತ್ತದೆ. ಒಂದೊಂದು ಹೂವೂ ಅಕ್ಕಿಯ ಕಾಳಿನಷ್ಟು. ಅದನ್ನು ಯಾರೂ ಮುಡಿಯುವುದಿಲ್ಲ, ಯಾರೂ ಹಾರಕ್ಕೆ ಪೋಣಿಸುವುದಿಲ್ಲ. ಆದರೂ ತುಡುವೆ ಜೇನು ಅದನ್ನು ಬಿಟ್ಟು ಕದಲುವುದಿಲ್ಲ. ಸೊಳ್ಳೆಗಿಂತ ತುಸು ದೊಡ್ಡದಾದ, ಚುಚ್ಚಲರಿಯದ ಮಿಸರಿ ಜೇನೂ ಬರುತ್ತದೆ. ಕರಿಬೇವಿನ ಗೊಂಚಲೂ ಹೀಗೆಯೇ. ಒಗ್ಗರಣೆಗೆ ಎಲೆ ಕೀಳುವ ನಾವು ಅದರ ಬಿಳಿಯ ಹೂವನ್ನು ಹೂವೆಂದೇ ಲೆಕ್ಕಿಸಿಲ್ಲ. ಇನ್ನು ಬೇಲಿಯ ಸಂದಿಯ ತುಂಬೆ. ಅದರ ಕೆಳದುಟಿ ಅಗಲವಾಗಿ ಮುಂದಕ್ಕೆ ಚಾಚಿಕೊಂಡಿದೆ, ಬಂದವರಿಗೆ ಹಾಸಿದ ಮಣೆಯಂತೆ. ಮೇಲ್ದುಟಿ ಕುಲಾವಿಯಂತೆ ಬಾಗಿ ಕೇಸರಗಳನ್ನು ಮರೆಮಾಡಿದೆ. ಹುಳು ಮಣೆಯ ಮೇಲೆ ಕುಳಿತು ತಲೆಯನ್ನು ಒಳಕ್ಕೆ ತೂರಿಸಿದರೆ ಅದರ ನೆತ್ತಿಗೆ ಪರಾಗ ಸವರಿಕೊಳ್ಳುತ್ತದೆ. ಅದೇ ನೆತ್ತಿ ಮುಂದಿನ ಹೂವಿನ ಶಲಾಕೆಯ ತುದಿಗೆ ತಗುಲುತ್ತದೆ. ಬೀಜ ಕಟ್ಟುವುದು ಆಗಲೇ.

ಮಕರಂದವೆಂಬುದು ಎಲ್ಲಿಂದಲೋ ಉದುರಿದ ಅಮೃತವಲ್ಲ. ಎಲೆಗಳು ಬಿಸಿಲಿನಲ್ಲಿ ದುಡಿದು ಕೂಡಿಸಿದ ಸಕ್ಕರೆಯ ಒಂದು ಪಾಲನ್ನು ಗಿಡವು ತನ್ನ ಬೇರು, ಕಾಂಡ, ಕಾಯಿಗಳಿಂದ ಉಳಿಸಿ ಇಲ್ಲಿ ಇಟ್ಟಿದೆ. ಅದು ಖರ್ಚು. ಆ ಖರ್ಚನ್ನು ಗಿಡ ಸುಮ್ಮನೆ ಮಾಡುತ್ತಿಲ್ಲ. ಕಾಲಿಲ್ಲದ ತನ್ನ ಪರಾಗಕ್ಕೆ ಕಾಲು ಬೇಕಾಗಿದೆ. ಜೇನೂ ಸೇವಾಭಾವದಿಂದ ಬರುತ್ತಿಲ್ಲ. ಗೂಡಿನಲ್ಲಿ ಮರಿಗಳಿವೆ, ಅವಕ್ಕೆ ಪರಾಗದ ಮುದ್ದೆ ಬೇಕು, ಮಳೆಗಾಲಕ್ಕೆ ತುಪ್ಪದ ಸಂಚಯ ಬೇಕು.

ಈ ಗುಟ್ಟನ್ನು ಮೊತ್ತಮೊದಲು ವಿಸ್ತಾರವಾಗಿ ಬಿಡಿಸಿ ಹೇಳಿದವನು ನನ್ನಂತೆಯೇ ಒಬ್ಬ ಶಾಲಾ ಮಾಸ್ತರ ಎಂಬುದು ನನಗೆ ಹೆಮ್ಮೆ. ಬರ್ಲಿನ್ನಿನ ಸಮೀಪದ ಸ್ಪಾಂಡೌ ಊರಿನ ಶಾಲೆಯ ಮುಖ್ಯಸ್ಥನಾಗಿದ್ದ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್, 1787ರಲ್ಲಿ ಕಾಡು ಜೆರೇನಿಯಂ ಹೂವಿನ ಎಸಳಿನ ಬುಡದಲ್ಲಿ ನವಿರಾದ ರೋಮಗಳಿರುವುದನ್ನು ಕಂಡ. ಇವು ಯಾತಕ್ಕೆ ಎಂದು ತನ್ನನ್ನೇ ಕೇಳಿಕೊಂಡ. ಮಳೆಯ ಹನಿ ಬಿದ್ದು ಮಕರಂದ ಕೆಡದಿರಲೆಂದು. ಮಕರಂದ ಯಾತಕ್ಕೆ? ಕೀಟಗಳಿಗೆ. ಕೀಟಗಳು ಯಾತಕ್ಕೆ? ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗಿ, ನೂರಾರು ಹೂಗಳನ್ನು ಪರೀಕ್ಷಿಸಿ, 1793ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಎಸಳಿನ ಮೇಲಿನ ಗೆರೆ ಚುಕ್ಕೆಗಳು ಮಕರಂದದ ದಾರಿಯನ್ನು ತೋರುವ ಗುರುತುಗಳು ಎಂದು ಸಾರಿದವನೂ ಅವನೇ. ಶಾಲೆಯನ್ನು ಬದಿಗಿಟ್ಟು ಹೂವಿನ ಹಿಂದೆ ಬಿದ್ದನೆಂಬ ಆಕ್ಷೇಪದ ನಡುವೆ 1794ರಲ್ಲಿ ಅವನ ಹುದ್ದೆ ಹೋಯಿತು. ಗ್ರಂಥಕ್ಕೂ ಅವನ ಜೀವಿತಕಾಲದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. ಮುಂದೆ ಡಾರ್ವಿನ್ನನು ಅದನ್ನು ಓದಿ ಮೆಚ್ಚಿದ ಮೇಲೆಯೇ ಲೋಕದ ಕಣ್ಣು ತೆರೆಯಿತು. (ಮುಖ್ಯೋಪಾಧ್ಯಾಯನಾಗಿದ್ದವನಾದ್ದರಿಂದ ಆ ಶಾಲೆಯ ಆಡಳಿತದವರ ತಾಪತ್ರಯವೂ ನನಗೆ ಅರ್ಥವಾಗುತ್ತದೆನ್ನಿ.)

ಜೇನಿನ ಕಣ್ಣು ನಮ್ಮ ಕಣ್ಣಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ, ಹಲವು ಬಗೆಯ ಬೂದುಬಣ್ಣದ ಹಾಳೆಗಳ ನಡುವೆ ಒಂದು ನೀಲಿ ಹಾಳೆಯನ್ನಿಟ್ಟು, ಅದರ ಮೇಲೆ ಸಕ್ಕರೆ ನೀರು ಇರಿಸಿ ಜೇನುಗಳಿಗೆ ರೂಢಿ ಮಾಡಿಸಿದ. ಆಮೇಲೆ ಬಟ್ಟಲನ್ನು ಬರಿದು ಮಾಡಿದರೂ ಅವು ನೀಲಿಯ ಮೇಲೆಯೇ ಬಂದು ಕುಳಿತವು. ಹೀಗೆ ಅವು ಬಣ್ಣವನ್ನು ಬಲ್ಲವೆಂದು ಸಿದ್ಧವಾಯಿತು. 1973ರಲ್ಲಿ ಅವನಿಗೆ ನೊಬೆಲ್ ಬಹುಮಾನ ಸಂದಿತು. ನಾವು ಕಾಣಲಾರದ ಅತಿನೇರಳೆಯನ್ನು ಜೇನು ಕಾಣುತ್ತದೆ. ನಾವು ಮರುಳಾಗುವ ಕಡುಗೆಂಪು ಮಾತ್ರ ಅದಕ್ಕೆ ಬಣ್ಣವಾಗಿ ತೋರದು. ಆದ್ದರಿಂದ ನಮ್ಮ ಕಣ್ಣಿಗೆ ಹಬ್ಬವಾದ ತೋಟವು ಜೇನಿಗೂ ಹಬ್ಬವೇ ಆಗಿರಬೇಕೆಂಬ ನಿಯಮವಿಲ್ಲ.

ಇಷ್ಟನ್ನು ಓದಿ ತಿಳಿದಾಗ ನನ್ನ ಮನಸ್ಸಿಗೆ ಮೊದಲು ಆದದ್ದು ನಿರಾಶೆ. ಹಾಗಾದರೆ ಹೂವಿನದು ವ್ಯಾಪಾರವೇ? ಒಂದು ಹನಿ ಸಕ್ಕರೆ ನೀರು ಕೊಟ್ಟು ಒಂದು ಚಾಕರಿಯನ್ನು ಕೊಳ್ಳುವ ವಹಿವಾಟೇ? ಹೂವಿಗೂ ಹಂಗುಂಟೆಂದ ಮೇಲೆ ಅದನ್ನು ದಾನಿಯೆನ್ನುವುದು ಹೇಗೆ? ನಮ್ಮಲ್ಲಿ ಹಂಗು ಎಂಬುದು ಒಳ್ಳೆಯ ಮಾತಲ್ಲ. ಯಾರ ಹಂಗೂ ಇಲ್ಲದೆ ಬದುಕಿದೆನೆಂದು ಹೇಳಿಕೊಳ್ಳುವುದೇ ನಮಗೆ ದೊಡ್ಡಸ್ತಿಕೆ. ನಾನೂ ಹಾಗೆ ಹೇಳಿಕೊಂಡವನೇ. ಆ ಕಥೆಯನ್ನು ಹೇಳದೆ ಈ ಲೇಖನ ಮುಂದೆ ಸಾಗದು.

1960ರ ದಶಕದ ಮೊದಲಲ್ಲಿ ನಾನು ಮಠದ ಪ್ರಸಾದನಿಲಯದಲ್ಲಿದ್ದು ಹೈಸ್ಕೂಲು ಓದಿದೆ. ತಂದೆಯಿಲ್ಲದ ಹುಡುಗ, ಎರಡು ಅಂಗಿ, ಒಂದು ತಟ್ಟೆ, ಒಂದು ಕಂಬಳಿ. ಬೆಳಗಿನ ಪೂಜೆಗೆ ಹೂ ಬಿಡಿಸಿ ತರುವ ಪಾಳಿ ನಾಲ್ವರಲ್ಲಿ ನನ್ನದೂ ಆಗಿತ್ತು. ನಿಲಯದ ಮುಂದಿನ ತೋಟವನ್ನು ನೋಡಿಕೊಳ್ಳುತ್ತಿದ್ದ ಮುದುಕ ಓದು ಬರಹ ಅರಿತವನಲ್ಲ. ದಾಸವಾಳ, ನಂದಿಬಟ್ಟಲು, ಕಣಗಿಲೆ, ಮಲ್ಲಿಗೆ, ಒಂದು ಪಾರಿಜಾತ, ತುಳಸಿಯ ದೊಡ್ಡ ಮಡಿ, ಅಡುಗೆಮನೆಯ ಹಿಂದೆ ನಾಲ್ಕು ಕರಿಬೇವು. ಬಾವಿಯ ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿದ ತುಂಬೆಯನ್ನು ಅವನು ಕೀಳಗೊಡುತ್ತಿರಲಿಲ್ಲ. ನಾವು ಬುಟ್ಟಿ ತುಂಬುವ ಆತುರದಲ್ಲಿ ಗಿಡವನ್ನು ಬರಿದು ಮಾಡುತ್ತಿದ್ದರೆ ದೂರದಿಂದಲೇ ಕೂಗುತ್ತಿದ್ದ: “ತಮ್ಮಾ, ಗಿಡಾ ಪೂರಾ ಬೋಳ ಮಾಡಬ್ಯಾಡ. ಇನ್ನೂ ಉಣ್ಣಾವ್ರು ಬರಾವ್ರದಾರ.” ಪಂಕ್ತಿಯಲ್ಲಿ ಬಡಿಸುವವರಿಗೆ ಹೇಳುವ ಮಾತನ್ನು ಈ ಮುದುಕ ಗಿಡಕ್ಕೆ ಹೇಳುತ್ತಾನಲ್ಲ ಎಂದು ನಾವು ನಗುತ್ತಿದ್ದೆವು.

ಮುಂದೆ ಓದಿದೆ, ನೌಕರಿ ಹಿಡಿದೆ, 1996ರಲ್ಲಿ ಧಾರವಾಡದಲ್ಲಿ ಮನೆ ಕಟ್ಟಿಸಿದೆ. ಮನೆಯ ಮುಂದೆ ತೋಟ ಮಾಡುವ ಹುಮ್ಮಸ್ಸು ನಿವೃತ್ತಿಯ ನಂತರ ಹೆಚ್ಚಾಯಿತು. ನರ್ಸರಿಯವರು ‘ಡಬಲ್’ ಎಂದು ಕರೆಯುವ, ಎಸಳುಗಳು ಪದರು ಪದರಾಗಿ ತುಂಬಿಕೊಂಡ ದಾಸವಾಳಗಳನ್ನು ಐದು ಬಣ್ಣಗಳಲ್ಲಿ ತಂದೆ. ಮುಷ್ಟಿಯಷ್ಟು ಗಾತ್ರದ ಕಸಿ ಗುಲಾಬಿಗಳು, ಗೇಟಿನ ಮೇಲೆ ಕಮಾನಾಗಿ ಬೋಗನ್‌ವಿಲ್ಲಾ, ಅಂಚಿಗೆ ಹೊಂಬಣ್ಣದ ಎಲೆಯ ಡುರಾಂಟಾ. ಈ ಕೊನೆಯ ಹೆಸರು ಕನ್ನಡದ ಕಿವಿಗೆ ‘ದುರಂತ’ವೆಂದೇ ಕೇಳಿಸುವುದು ಕಾಕತಾಳೀಯವಿರಬಹುದು. ಬಿಟ್ಟರೆ ಅದು ನೀಲಿ ಹೂಗಳ ಜಡೆಯನ್ನೇ ಇಳಿಬಿಟ್ಟು ಚಿಟ್ಟೆ ಜೇನುಗಳನ್ನು ಕರೆಯುವ ಗಿಡ. ನಾನು ಹದಿನೈದು ದಿನಕ್ಕೊಮ್ಮೆ ಕತ್ತರಿಯಾಡಿಸಿ, ಅದು ಒಂದು ಹೂವನ್ನೂ ಬಿಡದಂತೆ, ಗೋಡೆಯಂತೆ ನೇರವಾಗಿಸಿದ್ದೆ. ತುಂಬೆ ಕಸವೆಂದು ಕೀಳಿಸಿದೆ. ತುಳಸಿಯ ತೆನೆ ಬಂದರೆ ಗಿಡ ಸೊರಗುವುದೆಂದು ಚಿವುಟಿದೆ. ಪಕ್ಕದ ನೀರಿನ ಟ್ಯಾಂಕಿಗೆ ಕಟ್ಟಿದ್ದ ಹೆಜ್ಜೇನನ್ನು ರಾತ್ರಿ ಪಂಜು ಹಿಡಿಸಿ ಓಡಿಸಿದವರಲ್ಲಿ ನಾನೇ ಮುಂದಾಳು. ಒಂದು ಫಲಪುಷ್ಪ ಪ್ರದರ್ಶನದಲ್ಲಿ ನನ್ನ ತೋಟಕ್ಕೆ ಬಹುಮಾನವೂ ಬಂತು.

2009ರಲ್ಲಿ, ಉಂಡ ಮನೆಯ ಋಣ ತೀರಿಸಬೇಕೆಂಬ ಭಾವ ಬಲವಾಗಿ, ಪ್ರಸಾದನಿಲಯದ ಮುಂದಿನ ಹಳೆಯ ತೋಟವನ್ನು ಹೊಸದಾಗಿ ಮಾಡಿಸಿಕೊಡಲು ಹಣ ಕೊಟ್ಟೆ. ‘ಋಣ ತೀರಿಸುವುದು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಮುದುಕನು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವನ ತುಳಸಿಯ ಮಡಿ, ಮುದಿಯಾದ ಕರಿಬೇವುಗಳು ಹೋದವು. ನನ್ನ ಮನೆಯಲ್ಲಿದ್ದ ಜಾತಿಯ ಗಿಡಗಳೇ ಅಲ್ಲಿಗೂ ಬಂದವು. ದ್ವಾರದಲ್ಲಿ ನನ್ನ ಹೆಸರಿನ ಕಲ್ಲು. ಸಮಾರಂಭ ಮುಗಿದ ಮೇಲೆ ಪ್ರಸಾದಕ್ಕೆ ಕರೆದರು. ಒಬ್ಬ ಹುಡುಗ ತಟ್ಟೆ ತಂದು ನನ್ನ ಮುಂದೆ ಹಿಡಿದ. ನಾನು, “ಬೇಡಪ್ಪ, ನನ್ನದು ಮನೆಯಲ್ಲೇ ಆಗಿದೆ. ನಾನು ಕೊಡಲು ಬಂದವನು, ತೆಗೆದುಕೊಳ್ಳಲು ಅಲ್ಲ” ಎಂದೆ. ಸುತ್ತಲಿದ್ದವರು ಅದನ್ನು ನಿಸ್ಪೃಹತೆಯೆಂದು ಕೊಂಡಾಡಿದರು. ನನಗೂ ಹಾಗೆಯೇ ಅನಿಸಿತು. ಹುಡುಗ ತಟ್ಟೆಯನ್ನು ಹಿಡಿದು ಅರೆಗಳಿಗೆ ನಿಂತು ಹಿಂದಿರುಗಿದ.

ಇನ್ನು ಕುಂಬಳದ ಬಳ್ಳಿಗೆ ಬರೋಣ. ಎರಡು ವರ್ಷಗಳ ನಂತರ ನಮ್ಮ ಮನೆಯವರು ಹಿತ್ತಲಿನಲ್ಲಿ ಸಿಹಿಗುಂಬಳದ ಬೀಜ ಊರಿದರು. ಬಳ್ಳಿ ಹುಲುಸಾಗಿ ಹಬ್ಬಿತು, ಹಳದಿ ಹೂಗಳು ಗಂಟೆಗಟ್ಟಲೆ ಅಲ್ಲ, ಬುಟ್ಟಿಗಟ್ಟಲೆ ಬಂದವು. ಹೆಣ್ಣುಹೂವಿನ ಬುಡದ ಹೀಚುಗಳು ಮಾತ್ರ ನಿಂಬೆಯ ಗಾತ್ರಕ್ಕೆ ಬರುವ ಮೊದಲೇ ಹಳದಿಯಾಗಿ ಉದುರತೊಡಗಿದವು. ಗೊಬ್ಬರ ಹಾಕಿದೆ, ಔಷಧಿ ಹೊಡೆದೆ. ದಿನವೂ ಕಾಯಿಪಲ್ಯ ಮಾರಲು ಬರುತ್ತಿದ್ದ ಹೆಣ್ಣುಮಗಳೊಬ್ಬಳು ಒಮ್ಮೆ ಹಿತ್ತಲಿಗೆ ಇಣುಕಿ ನೋಡಿ, “ಔಷಧ ಯಾಕ ಹೊಡೀತೀರಿ ಅಪ್ಪಾರ? ಹುಳಾ ಎಲ್ಲ್ಯದಾವ ಇಲ್ಲೆ? ಬರೇ ಬಣ್ಣ ಐತಿ” ಎಂದಳು. ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಮುಂಜಾನೆ ಅರಳಿದ ಹೂವು ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಪರಾಗ ಜಿಗುಟಾಗಿ ಭಾರವಾಗಿರುವುದರಿಂದ ಗಾಳಿಗೆ ಹಾರದು. ಆ ಕೆಲವು ಗಂಟೆಗಳಲ್ಲಿ ಹುಳು ಬಂದರೆ ಕಾಯಿ, ಬಾರದಿದ್ದರೆ ಇಲ್ಲ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ!

ಜೇನು ಬಾರದಿರುವುದಕ್ಕೆ ನನ್ನ ತೋಟವೊಂದೇ ಕಾರಣವೆಂದು ಹೇಳಲಾರೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ, ಮರಿಗಳು ಗೂಡಿನಲ್ಲಿಯೇ ಸತ್ತು, ಸಾಕಿದ ಕುಟುಂಬಗಳ ಬಹುಪಾಲು ನಾಶವಾಯಿತು. ಕೊಡಗು, ಮಲೆನಾಡಿನ ಜೇನುಗಾರರು ಬರಿಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದರು. ಹೊಲಗಳಲ್ಲಿ ಹೊಡೆಯುವ ಕೀಟನಾಶಕದ ಪಾಲೂ ಇದೆ. ಆದರೂ ಅಳಿದುಳಿದ ಹುಳು ಹಾರಿ ಬಂದಾಗ ನನ್ನ ಮನೆಯಲ್ಲಿ ಅದಕ್ಕೆ ಏನಿತ್ತು? ಈ ಪ್ರಶ್ನೆಯನ್ನು ಹಿಡಿದು ನನ್ನ ಗಿಡಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ನಾನು ಕಂಡದ್ದನ್ನು ತಾವೂ ತಮ್ಮ ಅಂಗಳದಲ್ಲಿ ಪರೀಕ್ಷಿಸಬಹುದು.

ಐದೆಸಳಿನ ಸಾದಾ ದಾಸವಾಳದ ನಡುವೆ ಕೇಸರಗಳ ಉದ್ದನೆಯ ಕಂಬ ನಿಂತಿರುತ್ತದೆ. ಅದು ಜೇನಿಗಿಂತ ಸೂರಕ್ಕಿಗೆ ಒಗ್ಗಿದ ಹೂವು, ಇರಲಿ, ಉಣ್ಣುವವರು ಯಾರೋ ಒಬ್ಬರಿದ್ದಾರೆ. ಡಬಲ್ ದಾಸವಾಳದಲ್ಲಿ ಆ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿವೆ. ಪರಾಗವಿರಬೇಕಾದಲ್ಲಿ ಮತ್ತೊಂದು ರೇಷ್ಮೆಯ ಚೂರು. ಗುಲಾಬಿಯದೂ ಅದೇ ಕಥೆ: ಕಾಡುಗುಲಾಬಿಗೆ ಐದೇ ಎಸಳು, ನಡುವೆ ಪರಾಗದ ಹಳದಿ ರಾಶಿ, ಕಸಿಗುಲಾಬಿಗೆ ಎಸಳಿನ ಮೇಲೆ ಎಸಳು, ರಾಶಿ ಮಾಯ. ಬೋಗನ್‌ವಿಲ್ಲಾದ ಬಣ್ಣದ ಹಾಳೆಗಳು ಹೂವೇ ಅಲ್ಲ, ಬಣ್ಣ ಬದಲಿಸಿದ ಎಲೆಗಳು. ನಿಜವಾದ ಹೂವು ನಡುವಿನ ಚಿಕ್ಕ ಬಿಳಿಯ ಕೊಳವೆ, ಉದ್ದನೆಯ ಹೀರುನಳಿಗೆಯುಳ್ಳ ಚಿಟ್ಟೆ ಪತಂಗಗಳಿಗೆ ಅನುಕೂಲವಾದದ್ದು. ಕೇಪಳದ ಕೊಳವೆಯೂ ಒಂದಂಗುಲ ಆಳ, ತುಡುವೆಯ ನಾಲಗೆ ತಳ ಮುಟ್ಟದು.

ಈಗ ವಿಚಾರದ ಮುಖ್ಯ ಘಟ್ಟಕ್ಕೆ ಬಂದೆವು. ಈ ಡಬಲ್ ಹೂವು ಹೀಗಾದದ್ದು ಹೇಗೆ? ನಿಸರ್ಗದಲ್ಲಿ ಎಂದೋ ಒಮ್ಮೆ ಕೇಸರ ಎಸಳಾಗಿ ಹುಟ್ಟಿದ ಹೂವಿಗೆ ಬೀಜವಾಗುವುದು ಕಷ್ಟ. ಅದರ ವಂಶ ಅಲ್ಲಿಗೇ ನಿಲ್ಲಬೇಕು. ಮನುಷ್ಯ ಅದನ್ನು ಕಂಡು ಮೆಚ್ಚಿ, ಟೊಂಗೆ ಕಡಿದು ನೆಟ್ಟು, ಕಸಿ ಕಟ್ಟಿ, ಸಾವಿರಾರು ಮಾಡಿದ. ಇನ್ನು ಆ ಗಿಡಕ್ಕೆ ಪರಾಗ ಒಯ್ಯುವವರು ಬೇಡ, ಬೀಜ ಬೇಡ. ಜೇನಿನ ಹಂಗು ಅದಕ್ಕೆ ಹರಿಯಿತು. ಅದೇ ಕ್ಷಣದಲ್ಲಿ ಜೇನಿಗೆ ಕೊಡುವ ವಸ್ತುವೂ ಅದರಲ್ಲಿ ಇಲ್ಲವಾಯಿತು. ಯಾರನ್ನೂ ಬಯಸದ ಹೂವು ಎಂದು ನಾನು ಮಕ್ಕಳಿಗೆ ವರ್ಣಿಸುತ್ತಿದ್ದೆನಲ್ಲ, ಅಂಥ ಹೂವು ನನ್ನ ಅಂಗಳದಲ್ಲಿಯೇ ಇತ್ತು. ಅದರ ಬಟ್ಟಲು ಖಾಲಿಯಾಗಿತ್ತು. ಬೇರೆಯವರು ಬೇಕಾಗಿರುವ ತುಂಬೆಯ ಬಟ್ಟಲಿನಲ್ಲಿ ಹನಿಯಿತ್ತು.

ಹಾಗಾದರೆ ಹಂಗು ದಾನಕ್ಕೆ ಕಳಂಕವಲ್ಲ. ಕೊಡುವ ಶಕ್ತಿ ಹುಟ್ಟುವುದೇ ಇನ್ನೊಬ್ಬರು ನಮಗೆ ಬೇಕಾಗಿರುವ ಕಡೆಯಿಂದ ಎಂದು ನನಗೆ ತೋರುತ್ತದೆ.

ಇದಕ್ಕೆ ಆಕ್ಷೇಪಗಳುಂಟು, ಅವನ್ನು ಮುಚ್ಚಿಡಬಾರದು. ಬೇಕಾಗಿರುವವರೆಲ್ಲರೂ ಕೊಡುತ್ತಾರೆಯೇ? ಇಲ್ಲ. ಪೂಜೆಯ ಬುಟ್ಟಿಯಲ್ಲಿ ತಪ್ಪದೆ ಇರುವ ಕಣಗಿಲೆಯನ್ನೇ ನೋಡಿರಿ. ಅದಕ್ಕೆ ಸುಗಂಧವಿದೆ, ಬಣ್ಣವಿದೆ, ಒಳಗೆ ದಾರಿ ತೋರುವ ಗೆರೆಗಳೂ ಇವೆ, ಮಕರಂದವಿಲ್ಲ. ಅದು ಕೀಟವನ್ನು ಕರೆದು, ಪರಾಗ ಹೊರಿಸಿ, ಉಪವಾಸ ಕಳಿಸುತ್ತದೆ. ಇಂಥ ‘ಹುಸಿ ಮಕರಂದದ ಹೂ’ಗಳನ್ನು ಸ್ಪ್ರೆಂಗೆಲನು ಆರ್ಕಿಡ್‌ಗಳಲ್ಲಿ ಆಗಲೇ ಗುರುತಿಸಿದ್ದ. ಡಾರ್ವಿನ್ನನಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಇಷ್ಟು ದೊಡ್ಡ ಮೋಸಕ್ಕೆ ಜೇನಿನಂಥ ಜಾಣ ಜೀವಿ ತಲೆಮಾರುಗಟ್ಟಲೆ ಬಲಿಯಾದೀತೇ ಎಂದು ಅವನು ಸಂದೇಹಪಟ್ಟ. ಸ್ಪ್ರೆಂಗೆಲನೇ ಸರಿಯೆಂದು ಮುಂದಿನ ಶೋಧಗಳು ತೋರಿಸಿದವು. ನಿಸರ್ಗದಲ್ಲಿ ಎಲ್ಲವೂ ಸತ್ಯವಂತಿಕೆ ಎಂದು ಬೋಧಿಸುವವರು ಕಣಗಿಲೆಯ ಮುಂದೆ ಸ್ವಲ್ಪ ತಡೆಯಬೇಕು. ಆದರೆ ಇದನ್ನೂ ನೋಡಿರಿ: ಕಣಗಿಲೆಯ ಗಿಡದ ತುಂಬ ಹೂವಿದ್ದರೂ ಕಾಯಿ ಕಟ್ಟುವುದು ಬಹಳ ಕಡಿಮೆ. ಒಂದೆರಡು ಬಾರಿ ಮೋಸಹೋದ ಹುಳು ಪಾಠ ಕಲಿತು ದೂರವಾಗುತ್ತದೆ. ಸುತ್ತಲಿನ ನೂರು ಹೂಗಳು ನಿಜವಾಗಿ ಉಣಿಸುವುದರಿಂದಲೇ ಈ ಒಂದರ ಆಟ ನಡೆಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಉಣಿಸುವುದೇ ಬಲೆಯಾಗಿರಬಾರದೇಕೆ? ಕೊಡಗು ಚಿಕ್ಕಮಗಳೂರುಗಳಲ್ಲಿ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದು ಕೆಲವೇ ದಿನಗಳಲ್ಲಿ ಕಾಫಿಯ ಗಿಡಗಳು ಬೆಳ್ಳಗೆ ಅರಳಿ, ಹೆಜ್ಜೇನು ತುಡುವೆಗಳು ಮುತ್ತುತ್ತವೆ. ಆ ಮಕರಂದದಲ್ಲಿ ಅತ್ಯಲ್ಪ ಪ್ರಮಾಣದ ಕೆಫೀನ್ ಇದೆ. ಅದು ಜೇನಿನ ನೆನಪನ್ನು ಗಟ್ಟಿಗೊಳಿಸಿ, ಆ ಹೂವಿನ ವಾಸನೆಯನ್ನು ಮರೆಯದಂತೆ ಮಾಡುತ್ತದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಇದನ್ನು ಓದಿದಾಗ ನಾನು ನಿಲಯದ ಪಂಕ್ತಿಯನ್ನು ನೆನೆದೆ. ಅರುವತ್ತು ವರ್ಷಗಳ ಹಿಂದೆ ಉಂಡ ಜೋಳದ ನುಚ್ಚು, ಕಾರಬ್ಯಾಳಿಯ ರುಚಿ ಇನ್ನೂ ನಾಲಗೆಯ ಮೇಲಿದೆ. ಆ ನೆನಪೇ ನಮ್ಮನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುತ್ತದೆ, ಕೈಯೆತ್ತಿ ಕೊಡಿಸುತ್ತದೆ. ಹಾಗಾದರೆ ಆ ಊಟ ನಮಗೆ ಒಡ್ಡಿದ ಬಲೆಯೇ? ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮಾಷೆಗೆ ಹಾಗೆ ಅನ್ನುವುದುಂಟು. ನಾನು ಅದನ್ನು ಬೇರೆ ಬಗೆಯಲ್ಲಿ ನೋಡುತ್ತೇನೆ. ನಾವು ಉಂಡ ಅನ್ನ ತುಂಬಿ ತುಳುಕುವ ಕಣಜದ್ದಾಗಿರಲಿಲ್ಲ. ಸುಗ್ಗಿ ಬಂತೆಂದರೆ ಅಂದಿನ ಶ್ರೀಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಗುಡಿಸಲಿನ ಮುಂದೆ ನಿಂತು ಒಂದು ಬೊಗಸೆ ಜೋಳಕ್ಕೆ ಕೈ ಚಾಚುತ್ತಿದ್ದರು. ನಮಗೆ ಕೊಟ್ಟವರು ಮೊದಲು ಬೇಡಿದವರು. ಬೇಡಲು ನಾಚದ ಆ ಕೈಯಿಂದ ಬಂದ ತುತ್ತು ನಮ್ಮನ್ನು ಕೀಳು ಮಾಡಲಿಲ್ಲ. ನಾನು ಕೊಟ್ಟದ್ದು ಹೇಗಿತ್ತು? ಏನನ್ನೂ ಬೇಡದವನ, ಹೆಸರು ಕೆತ್ತಿಸಿದ ಕಲ್ಲಿನ ದಾನ. ಆ ಹುಡುಗ ಹಿಡಿದ ತಟ್ಟೆಯನ್ನು ಹಿಂದಕ್ಕೆ ಕಳಿಸಿದಾಗ ನಾನು ಅವನಿಂದ ಕೊಡುವ ಅವಕಾಶವನ್ನೇ ಕಿತ್ತುಕೊಂಡಿದ್ದೆ. ಪದರು ಪದರು ಎಸಳು, ನಡುವೆ ಏನೂ ಇಲ್ಲ.

ಪೂಜೆಗೆ ಹೂ ಬಿಡಿಸುವುದೇ ತಪ್ಪೇ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಹಾಗೆನ್ನಲಾರೆ. ಶರಣರಲ್ಲಿ ಹೂಗಾರ ಮಾದಯ್ಯನವರ ಕಾಯಕವೇ ಹೂವಿನದು ಎಂದು ಪರಂಪರೆ ನೆನೆಯುತ್ತದೆ. ಪಾರಿಜಾತವಂತೂ ರಾತ್ರಿಯೆಲ್ಲ ಪತಂಗಗಳಿಗೆ ತೆರೆದಿದ್ದು ಬೆಳಗಿಗೆ ತಾನಾಗಿ ನೆಲಕ್ಕಿಳಿಯುತ್ತದೆ. ನೆಲದಿಂದ ಆರಿಸಿದ್ದನ್ನೂ ಪೂಜೆಗೆ ಒಪ್ಪುವ ರೂಢಿ ನಮ್ಮ ಹಿರಿಯರದು. ತೋಟ ನೋಡಿಕೊಳ್ಳುತ್ತಿದ್ದ ಮುದುಕನೂ ಹೂ ಬಿಡಿಸಬೇಡವೆಂದವನಲ್ಲ. ಗಿಡವನ್ನು ಬೋಳು ಮಾಡಬೇಡವೆಂದ, ಅಷ್ಟೇ.

ಆ ವರ್ಷ ಕುಂಬಳಕ್ಕೆ ಜೇನಿನ ಕೆಲಸವನ್ನು ನಾನೇ ಮಾಡಿದೆ. ಬೆಳಗಿನ ಆರೂವರೆಗೆ ಎದ್ದು, ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಕಂಬವನ್ನು ಹೆಣ್ಣುಹೂವಿನ ಒಡಲಿಗೆ ಮೆಲ್ಲಗೆ ಸವರುವುದು. ಬಗ್ಗಿದರೆ ಸೊಂಟ ನೋವು, ಕುಳಿತರೆ ಮಂಡಿ ನೋವು. ಎಲೆಗಳ ಅಡಿಯಲ್ಲಿ ಅಡಗಿದ ಹೆಣ್ಣುಹೂಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಮೂರು ವಾರ ಹೆಣಗಿ ನಾಲ್ಕು ಕಾಯಿ ನಿಲ್ಲಿಸಿದೆ. ಒಂದು ತುಡುವೆಯ ಹುಳು ಒಂದು ಮುಂಜಾನೆಯಲ್ಲಿ ಮಾಡುವಷ್ಟೂ ಅಲ್ಲ.

ಮರುವರ್ಷ ಡುರಾಂಟಾಕ್ಕೆ ಕತ್ತರಿ ಹಾಕುವುದನ್ನು ಬಿಟ್ಟೆ. ತುಳಸಿಯ ತೆನೆ ಚಿವುಟಲಿಲ್ಲ. ಕಾಯಿಪಲ್ಯದ ಹೆಣ್ಣುಮಗಳು ತನ್ನ ಹೊಲದ ಬದುವಿನಿಂದ ತುಂಬೆಯ ನಾಲ್ಕು ಗಿಡ ಬೇರುಸಹಿತ ತಂದುಕೊಟ್ಟಳು. ದುಡ್ಡು ಕೊಡಹೋದರೆ ನಕ್ಕಳು, ನಾನೂ ಒತ್ತಾಯಿಸಲಿಲ್ಲ. ಡಬಲ್ ದಾಸವಾಳಗಳನ್ನು ಕೀಳಿಸಲು ನಮ್ಮ ಮನೆಯವರು ಒಪ್ಪಲಿಲ್ಲ, ಅವು ಈಗಲೂ ಇವೆ. ತೋಟ ಮೊದಲಿನಷ್ಟು ಓರಣವಾಗಿಲ್ಲ ಎಂದು ನೆರೆಯವರು ಹೇಳುತ್ತಾರೆ, ನಿಜ.

ಪ್ರಸಾದನಿಲಯಕ್ಕೂ ಹೋದೆ, ಒಂದು ಕುಂಬಳಕಾಯಿ, ತುಳಸಿ ಕರಿಬೇವುಗಳ ಕೆಲವು ಸಸಿ ಹಿಡಿದುಕೊಂಡು. ಬೋಗನ್‌ವಿಲ್ಲಾ ಬಂದವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಅದನ್ನು ತೆಗೆಯುವುದು ಬೇಡ ಎಂದು ವ್ಯವಸ್ಥಾಪಕರು ಹೇಳಿದರು. ಅಡುಗೆಮನೆಯ ಹಿಂದೆ ಜಾಗ ಕೊಟ್ಟರು. ಹುಡುಗರು ನನ್ನ ಹೆಸರಿನ ಕಲ್ಲಿನ ಮೇಲೆ ಒದ್ದೆ ಟವೆಲುಗಳನ್ನು ಒಣಹಾಕಿದ್ದರು. ಸಸಿ ನೆಟ್ಟು ಕೈ ತೊಳೆಯುವಷ್ಟರಲ್ಲಿ ಪ್ರಸಾದದ ಗಂಟೆಯಾಯಿತು. ಪಂಕ್ತಿಯ ಕೊನೆಯಲ್ಲಿ ನೆಲದ ಮೇಲೆ ಕುಳಿತೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ರೊಟ್ಟಿಯ ಬುಟ್ಟಿ ಹಿಡಿದು ಬಂದು, “ಇನ್ನೊಂದು ಹಾಕ್ಲೇನ್ರಿ ಸರ್?” ಎಂದ. ಹೊಟ್ಟೆ ತುಂಬ ಹಸಿದಿತ್ತು. ಹಾಕಪ್ಪ ಎಂದೆ.